ಕ್ಯಾರೆಕ್ಟರ್ ಮಾಡೆಲಿಂಗ್ ಪೋರ್ಟ್‌ಫೋಲಿಯೊ: ತೋರಿಸುವುದು ಹೇಗೆ, ತಿದ್ದಿ ಹೇಳುವುದು ಹೇಗೆ

ಕುಂದಾಪುರದ ಕಡೆಯ ಒಬ್ಬ ಹುಡುಗ ಕಳೆದ ಮಳೆಗಾಲದಲ್ಲಿ ನನಗೊಂದು ಲಿಂಕ್ ಕಳಿಸಿದ. ಜೊತೆಗೆ ಒಂದೇ ಸಾಲು: "ಅಣ್ಣಾ, ಹೇಗಿದೆ ನೋಡಿ ಹೇಳಿ." ತೆರೆದರೆ ಅವನು ಕಂಪ್ಯೂಟರಿನಲ್ಲಿ ಮಾಡಿದ 3ಡಿ ಮಾಡೆಲ್‌ಗಳ 23 ಚಿತ್ರಗಳು. ಡ್ರ್ಯಾಗನ್, ರೋಬೋಟ್, ಎರಡು ಕತ್ತಿ, ಒಂದು ಸೋಫಾ, ಅರ್ಧಕ್ಕೆ ಬಿಟ್ಟ ಮುಖಗಳು. ಹದಿನೇಳನೆಯದಾಗಿ ಒಬ್ಬ ಅಭಿಮನ್ಯು ಬಂದ. ಬಡಗುತಿಟ್ಟು ಯಕ್ಷಗಾನದ ವೇಷ. ತಲೆಗೆ ಬಟ್ಟೆ ಸುತ್ತಿ ಕಟ್ಟುವ ಕೇದಗೆ ಮುಂದಲೆ, ಭುಜಕೀರ್ತಿ, ಎದೆಕಟ್ಟು, ಚೌಕುಳಿ ಸೀರೆಯ ಕಸೆ. ಅಲ್ಲಿ ನನ್ನ ಕೈ ನಿಂತಿತು. ಇವನು ರಾತ್ರಿಯಿಡೀ ಬಯಲಾಟ ನೋಡಿ ಬೆಳೆದವನು ಎಂದು ಆ ಒಂದು ಮಾಡೆಲ್ ಹೇಳುತ್ತಿತ್ತು. ಆದರೆ ಅವನನ್ನು ಕಾಣಲು ನಾನು ಹದಿನಾರು ಚಿತ್ರ ದಾಟಬೇಕಾಯಿತು. ಕೆಲಸ ಕೊಡುವವರು ಅಷ್ಟು ದೂರ ಬರುವುದಿಲ್ಲ.

ಅವನಿಗೆ ಬರೆದ ಉತ್ತರ ಬೆಳೆಯುತ್ತಾ ಹೋಯಿತು. ಅದನ್ನೇ ಇಲ್ಲಿ ಹಂತ ಹಂತವಾಗಿ ಇಡುತ್ತಿದ್ದೇನೆ. ತಮ್ಮ ಕೆಲಸ ತೋರಿಸುವವರಿಗೂ ಬೇಕು, ಬೇರೆಯವರ ಕೆಲಸ ನೋಡಿ ಅಭಿಪ್ರಾಯ ಹೇಳುವವರಿಗೂ ಬೇಕು. ಎರಡಕ್ಕೂ ನಾನು ಹಿಡಿಯುವ ದಾರಿ ಒಂದೇ: ದೊಡ್ಡದರಿಂದ ಸಣ್ಣದಕ್ಕೆ ಬರುವುದು. ಗೌರಿ ಹಬ್ಬಕ್ಕೆ ಮುಂಚೆ ಗಣಪತಿ ಮಾಡುವವರ ಕೈ ನೋಡಿ. ಮೊದಲು ಹೊಟ್ಟೆಯ ಮುದ್ದೆ, ತಲೆಯ ಮುದ್ದೆ, ಕೂತ ಭಂಗಿ. ಸೊಂಡಿಲಿನ ಗೆರೆ, ಕಿರೀಟದ ಚುಕ್ಕಿ ಎಲ್ಲ ಆಮೇಲೆ. ಮುದ್ದೆ ವಾಲಿದ್ದರೆ ಚುಕ್ಕಿ ಇಡಲು ಯಾರೂ ಕೂರುವುದಿಲ್ಲ. ಕಂಪ್ಯೂಟರ್ ಮುಂದೆ ಕೂತಾಗ ಮಾತ್ರ ನಾವು ಇದನ್ನು ಮರೆಯುತ್ತೇವೆ.

ಹಂತ 1: ಯಾರಿಗೆ ತೋರಿಸುತ್ತೀರಿ?

"ನಿನಗೆ ಎಲ್ಲಿ ಕೆಲಸ ಬೇಕು?" ಎಂದು ಮೊದಲು ಕೇಳಿದೆ. "ಗೇಮ್ ಸ್ಟುಡಿಯೋದಲ್ಲಿ" ಎಂದ. ಆದರೆ ಅವನ 23 ಚಿತ್ರಗಳಲ್ಲಿ ಒಂದರಲ್ಲೂ ವೈರ್‌ಫ್ರೇಮ್, ಅಂದರೆ ಮಾಡೆಲ್‌ನ ಗೆರೆಗಳ ಬಲೆ ಕಾಣುವ ಚಿತ್ರ, ಇರಲಿಲ್ಲ. ಗೇಮ್‌ನವರು ಮೊದಲು ಕೇಳುವುದೇ ಅದನ್ನು.

ಗೇಮ್‌ನ ಪಾತ್ರ ಸೆಕೆಂಡಿಗೆ 30 ಅಥವಾ 60 ಸಲ ಹೊಸದಾಗಿ ಪರದೆಯ ಮೇಲೆ ಮೂಡಬೇಕು. ಹಾಗಾಗಿ ಮೆಶ್ (ಮಾಡೆಲ್‌ನ ಮೈಯಾದ ಆ ಬಲೆ) ಹಗುರವಾಗಿರಬೇಕು, ಬೇಕಿಂಗ್ (ಸೂಕ್ಷ್ಮ ಮಾಡೆಲ್‌ನ ವಿವರವನ್ನು ಹಗುರ ಮಾಡೆಲ್‌ಗೆ ಹೊದಿಸುವ ಚಿತ್ರಕ್ಕೆ ಇಳಿಸುವುದು) ಶುದ್ಧವಾಗಿರಬೇಕು. ಸಿನಿಮಾದವರು ಕ್ಯಾಮೆರಾ ಮುಖದ ಹತ್ತಿರ ಹೋದಾಗ ಚರ್ಮ, ಕೂದಲು, ಬಟ್ಟೆ ನಂಬುವಂತಿದೆಯೇ ಎಂದು ನೋಡುತ್ತಾರೆ. ಮೊಬೈಲ್ ಗೇಮ್‌ನವರಿಗೆ ಅಂಗೈಯಷ್ಟು ಪರದೆಯಲ್ಲೂ ಪಾತ್ರದ ಗುರುತು ಸಿಗಬೇಕು. 3ಡಿ ಪ್ರಿಂಟ್ ಮಾಡಿ ಮೂರ್ತಿ ಮಾರುವವರಿಗೆ ಟೆಕ್ಸ್ಚರ್, ಅಂದರೆ ಮಾಡೆಲ್‌ನ ಮೈಮೇಲೆ ಹೊದಿಸುವ ಬಣ್ಣದ ಚಿತ್ರ, ಬೇಡವೇ ಬೇಡ. ಮೆಶ್‌ನಲ್ಲಿ ತೂತಿಲ್ಲವೇ, ತೆಳುವಾದ ಭಾಗ ಮುರಿಯುವುದಿಲ್ಲವೇ ಎಂಬುದೇ ಅವರ ಚಿಂತೆ. ಒಂದೇ ಪೋರ್ಟ್‌ಫೋಲಿಯೊ ಈ ನಾಲ್ವರಿಗೂ ಒಗ್ಗುವುದಿಲ್ಲ.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಹಳೆಯ ಬೇರು ಇದೆ. ಗೇಮ್ ಕಂಪನಿ ಧ್ರುವ ಇಂಟರಾಕ್ಟಿವ್ ಇಲ್ಲಿ ಶುರುವಾಗಿದ್ದು 1997ರಲ್ಲಿ. 2019ರಲ್ಲಿ ಅದು ರಾಕ್‌ಸ್ಟಾರ್ ಗೇಮ್ಸ್ ತೆಕ್ಕೆಗೆ ಹೋಯಿತು. ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ ಕರ್ನಾಟಕ ಸರ್ಕಾರ 2012ರಲ್ಲೇ ನೀತಿ ತಂದಿತು. ಅದೇ ಊರಿನಲ್ಲಿ 2025ರ ಫೆಬ್ರವರಿಯಲ್ಲಿ, ಸಿನಿಮಾ ವಿಶುವಲ್ ಎಫೆಕ್ಟ್ಸ್ ಕಂಪನಿ ಟೆಕ್ನಿಕಲರ್ ಜಗತ್ತಿನಾದ್ಯಂತ ಕುಸಿದಾಗ, ಅದರ ಇಲ್ಲಿನ ಸ್ಟುಡಿಯೋ ಕೂಡ ನಿಂತಿತು. ಹತ್ತಾರು ವರ್ಷ ದುಡಿದವರೂ ಮತ್ತೆ ಪೋರ್ಟ್‌ಫೋಲಿಯೊ ಕಟ್ಟಲು ಕೂತರು. ಹೊಸಬರು ಈಗ ಅಂಥವರ ಸಾಲಿನಲ್ಲೇ ನಿಲ್ಲಬೇಕು. ಹೆದರಿಸಲು ಹೇಳುತ್ತಿಲ್ಲ. ಯಾರಿಗೆ, ಯಾವ ಕೆಲಸಕ್ಕೆ ಎಂದು ಖಚಿತವಾಗಿದ್ದರೆ ಹೊಸಬರ ನಾಲ್ಕು ಮಾಡೆಲ್‌ಗೂ ಜಾಗ ಇದೆ.

ಹಂತ 2: ತೆಗೆದುಹಾಕಿ

ಎಲ್ಲರಿಗೂ ಕಷ್ಟವಾಗುವುದು ಇದೇ. ಮೂರು ತಿಂಗಳು ನಿದ್ದೆಗೆಟ್ಟು ಮಾಡಿದ ಡ್ರ್ಯಾಗನ್ ತೆಗೆಯಲು ಮನಸ್ಸು ಬರುವುದಿಲ್ಲ. ಆದರೂ ತೆಗೆಯಿರಿ. ನೋಡುವವರು ನಿಮ್ಮನ್ನು ಅಳೆಯುವುದು ಅತ್ಯುತ್ತಮ ಮಾಡೆಲ್‌ನಿಂದ ಅಲ್ಲ, ಅತಿ ದುರ್ಬಲವಾದದ್ದರಿಂದ. ದುರ್ಬಲವಾದದ್ದನ್ನೂ ಇಟ್ಟಿದ್ದೀರಿ ಎಂದರೆ ಅದರ ತಪ್ಪು ನಿಮಗೆ ಕಾಣಲಿಲ್ಲ ಎಂದೇ ಅವರು ತಿಳಿಯುತ್ತಾರೆ.

ಮೊದಲ ಕೆಲಸ ಹುಡುಕುವವರಿಗೆ ನಾಲ್ಕು ಅಥವಾ ಐದು ಪೂರ್ತಿ ಮುಗಿದ ಪಾತ್ರಗಳು ಸಾಕು. ಕ್ಯಾರೆಕ್ಟರ್ ಕೆಲಸ ಬೇಕಾದರೆ ಸೋಫಾ ಬೇಡ. ಯೂಟ್ಯೂಬ್ ಪಾಠ ನೋಡಿಕೊಂಡು ಹೆಜ್ಜೆಗೆ ಹೆಜ್ಜೆ ಮಾಡಿದ್ದೂ ಬೇಡ. ಅದೇ ತಲೆ, ಅದೇ ಬೆಳಕು ಇರುವ ಚಿತ್ರ ನೇಮಕ ಮಾಡುವವರ ಕಣ್ಣಿಗೆ ಅದೆಷ್ಟು ಸಲ ಬಿದ್ದಿರುತ್ತದೋ! ಪಾಠದಿಂದ ಕಲಿತ ಕೈಚಳಕವನ್ನು ನಿಮ್ಮದೇ ಪಾತ್ರಕ್ಕೆ ಹಾಕಿ.

ತಂಡದ ಕೆಲಸವಾಗಿದ್ದರೆ ನಿಮ್ಮ ಪಾಲು ಯಾವುದು ಎಂದು ಬರೆಯಿರಿ. ಕಾನ್ಸೆಪ್ಟ್ ಚಿತ್ರ (ಪಾತ್ರ ಹೇಗಿರಬೇಕೆಂದು ಮೊದಲು ಬರೆದ ಚಿತ್ರ) ಬೇರೆಯವರದಾದರೆ ಅವರ ಹೆಸರು ಹಾಕಿ. ಬೇಲೂರಿನ ಮದನಿಕೆಯರ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಒಂದೇ ಗುಡಿಯಲ್ಲಿ ಇಷ್ಟು ಜನ ಕೆಲಸ ಮಾಡಿದರೂ ಹೆಸರು ಕೆತ್ತಿದ ಶಿಲ್ಪ ಯಾರದು ಎಂದು ಇವತ್ತಿಗೂ ಹೇಳಬಹುದು. ನನಗೆ ಅದು ಬಹಳ ದೊಡ್ಡ ಮರ್ಯಾದೆಯಾಗಿ ಕಾಣುತ್ತದೆ.

ಇನ್ನೊಂದು ಮಾತು. ಕಂಪನಿಯಲ್ಲಿ ಮಾಡಿದ, ಇನ್ನೂ ಬಿಡುಗಡೆಯಾಗದ ಕೆಲಸವನ್ನು ಯಾರಿಗೂ ತೋರಿಸಬೇಡಿ. ಪಾಸ್‌ವರ್ಡ್ ಹಾಕಿದ ಪುಟದಲ್ಲೂ ಬೇಡ. ಬೇರೆಯವರ ಗುಟ್ಟನ್ನು ನಮಗೆ ತೋರಿಸಿದವರು ನಾಳೆ ನಮ್ಮದನ್ನೂ ತೋರಿಸುತ್ತಾರೆ ಅಂತ ನೋಡುವವರಿಗೆ ಅನ್ನಿಸುತ್ತದೆ ಅಲ್ವಾ?

ಹಂತ 3: ಒಂದೊಂದು ಪಾತ್ರವನ್ನೂ ಹೀಗೆ ಇಡಿ

ಮೊದಲ ಚಿತ್ರದಲ್ಲಿ ಪಾತ್ರ ಇಡಿಯಾಗಿ, ತಲೆಯಿಂದ ಕಾಲಿನವರೆಗೆ ಕಾಣಬೇಕು. ಎರಡನೆಯದು ಮುಖದ ಹತ್ತಿರದ ನೋಟ. ಆಮೇಲೆ ಮುಂದೆ, ಪಕ್ಕ, ಹಿಂದೆ. ಅದಾದ ಮೇಲೆ ಬಣ್ಣವಿಲ್ಲದ ಬೂದು ಕ್ಲೇ ರೆಂಡರ್ (ರೆಂಡರ್ ಅಂದರೆ ಮಾಡೆಲ್‌ಗೆ ಬೆಳಕು ಹಾಕಿ ತೆಗೆದ ಚಿತ್ರ), ವೈರ್‌ಫ್ರೇಮ್, ಟೆಕ್ಸ್ಚರ್ ಮ್ಯಾಪ್‌ಗಳು. ಗೇಮ್ ಪಾತ್ರವಾದರೆ ಮೆಶ್‌ನಲ್ಲಿ ಟ್ರಯಾಂಗಲ್ (ತ್ರಿಕೋನ) ಎಷ್ಟು, 2048 ಅಥವಾ 4096 ಪಿಕ್ಸೆಲ್‌ನ ಟೆಕ್ಸ್ಚರ್ ಎಷ್ಟು ಇವೆ ಎಂದು ಒಂದು ಸಾಲಿನಲ್ಲಿ ಬರೆಯಿರಿ. ಪಾಲಿಗಾನ್ ಲೆಕ್ಕ ಬರೆಯಬೇಡಿ. ಒಂದು ಚೌಕ ಎರಡು ತ್ರಿಕೋನ ಆಗುವುದರಿಂದ ಪಾಲಿಗಾನ್ ಸಂಖ್ಯೆ ಕಡಿಮೆ ತೋರುತ್ತದೆ, ಗೇಮ್ ಓಡಿಸುವ ಎಂಜಿನ್‌ಗೆ ಬೇಕಾದದ್ದು ತ್ರಿಕೋನದ ಲೆಕ್ಕ. ಪಾತ್ರ ಒಂದು ಸುತ್ತು ತಿರುಗುವ, ಹತ್ತು ಹನ್ನೆರಡು ಸೆಕೆಂಡಿನ ಟರ್ನ್‌ಟೇಬಲ್ ವಿಡಿಯೋ ಇದ್ದರೆ ಒಳ್ಳೆಯದು. ಹಾಡು ಬೇಡ.

ಕ್ಯಾಮೆರಾ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎಷ್ಟೋ ಒಳ್ಳೆಯ ಮುಖಗಳು ಕೆಟ್ಟು ಕಾಣುವುದು ಇಲ್ಲಿಯೇ. ಝಡ್‌ಬ್ರಶ್ ಎಂಬ ಸಾಫ್ಟ್‌ವೇರ್‌ನಲ್ಲಿ ಪರ್ಸ್ಪೆಕ್ಟಿವ್ (ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಕಾಣುವುದು) ಆಫ್ ಇಟ್ಟು ಸ್ಕಲ್ಪ್ಟ್ ಮಾಡುತ್ತಾರೆ, ಅಂದರೆ ಮಣ್ಣಿನಂತೆ ತಿದ್ದಿ ಆಕಾರ ಕೊಡುತ್ತಾರೆ. ರೆಂಡರ್ ಮಾಡುವಾಗ 35 ಎಂಎಂ ಲೆನ್ಸ್ ಹಾಕಿ ಮುಖದ ಹತ್ತಿರ ಹೋಗುತ್ತಾರೆ. ಮೂಗು ದಪ್ಪವಾಗುತ್ತದೆ, ಕಿವಿ ಹಿಂದಕ್ಕೆ ಓಡುತ್ತದೆ. ಮಾಡಿದವನಿಗೆ ಎಲ್ಲಿ ತಪ್ಪಿತು ಎಂದೇ ತಿಳಿಯುವುದಿಲ್ಲ. ಮುಖಕ್ಕೆ 85 ಎಂಎಂ ಆಸುಪಾಸು ಇಡಿ, ಕ್ಯಾಮೆರಾ ದೂರ ಸರಿಸಿ. ಸ್ಕಲ್ಪ್ಟ್ ಮಾಡುವಾಗಲೂ ಆಗಾಗ ಅದೇ ಲೆನ್ಸ್‌ನಲ್ಲಿ ನೋಡಿ. ನೋಡಿಕೊಂಡು ಮಾಡುವ ರೆಫರೆನ್ಸ್ ಫೋಟೋ ಫೋನಿನಲ್ಲಿ ಹತ್ತಿರದಿಂದ ತೆಗೆದದ್ದಾದರೆ ಅದರಲ್ಲೂ ಇದೇ ಸೊಟ್ಟ ಇರುತ್ತದೆ, ಜೋಪಾನ.

ಬೆಳಕು ಆಕಾರವನ್ನು ತೋರಿಸಬೇಕು. ಹಿಂದಿನಿಂದ ನೀಲಿ, ಕಿತ್ತಳೆ ಅಂಚಿನ ಬೆಳಕು, ಮುಂದೆಲ್ಲ ಕತ್ತಲು: ಇಂಥ ಚಿತ್ರ ಒಂದಿದ್ದರೆ ಸರಿ. ಎಲ್ಲವೂ ಹಾಗೇ ಇದ್ದರೆ ಏನೋ ಬಚ್ಚಿಟ್ಟಿದ್ದಾರೆ ಎಂದು ಅನುಮಾನ ಬರುತ್ತದೆ.

ಹಂತ 4: ಎಲ್ಲಿ ಇಡುವುದು

ಇಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಈ ಉದ್ಯೋಗದವರು ನೋಡುವ ಜಾಗ ಆರ್ಟ್‌ಸ್ಟೇಷನ್ ಎಂಬ ವೆಬ್‌ಸೈಟ್. 2014ರಲ್ಲಿ ಶುರುವಾಯಿತು, 2021ರಿಂದ ಎಪಿಕ್ ಗೇಮ್ಸ್ ಕೈಯಲ್ಲಿದೆ. ಮಾಡೆಲ್ ಅನ್ನು ನೋಡುವವರೇ ತಿರುಗಿಸಿ ನೋಡಲಿ ಎಂದರೆ ಸ್ಕೆಚ್‌ಫ್ಯಾಬ್ ಅಥವಾ ಮಾರ್ಮೊಸೆಟ್ ವ್ಯೂವರ್ ಇದೆ. ಸ್ಕೆಚ್‌ಫ್ಯಾಬ್‌ನಲ್ಲಿ ಯಾರು ಬೇಕಾದರೂ ವೈರ್‌ಫ್ರೇಮ್, ಮ್ಯಾಪ್‌ಗಳನ್ನು ತೆರೆದು ನೋಡಬಹುದು. ಡೌನ್‌ಲೋಡ್ ಬೇಡ ಎಂದಾದರೆ ಆ ಆಯ್ಕೆ ಆಫ್ ಆಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

2022ರ ಡಿಸೆಂಬರ್‌ನಲ್ಲಿ ಎಐ ಚಿತ್ರಗಳ ವಿರುದ್ಧ ಕಲಾವಿದರು ಆರ್ಟ್‌ಸ್ಟೇಷನ್ ಪೂರ್ತಿ ಒಂದೇ ಪ್ರತಿಭಟನೆಯ ಚಿತ್ರ ತುಂಬಿದ್ದರು. ಆ ಗಾಯ ಇನ್ನೂ ಹಸಿಯಾಗಿದೆ. ಎಲ್ಲಾದರೂ ಎಐ ಬಳಸಿದ್ದರೆ, ರೆಫರೆನ್ಸ್‌ಗೇ ಆದರೂ, ನೇರವಾಗಿ ಬರೆದುಬಿಡಿ. ಕೆಲಸದ ಹಂತಗಳನ್ನು ತೋರಿಸುವ ಚಿತ್ರಗಳಿದ್ದರೆ ನಿಮ್ಮ ಕೈಯ ಬಗ್ಗೆ ಯಾರಿಗೂ ಸಂಶಯ ಉಳಿಯುವುದಿಲ್ಲ.

ಹಂತ 5: ಅಭಿಪ್ರಾಯ ಕೇಳುವ ರೀತಿ

"ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರ ಬರುತ್ತದೆ. ಕೇಳಿದವರಿಗೆ ಬೇಜಾರಾಗಬಾರದು ಎಂಬ ಒಳ್ಳೆಯ ಮನಸ್ಸಿನಿಂದಲೇ ನಮ್ಮ ಜನ ಹಾಗೆ ಹೇಳುತ್ತಾರೆ. ಅದರಿಂದ ಮಾಡೆಲ್‌ಗೆ ಏನೂ ಸಿಗುವುದಿಲ್ಲ.

ಅಭಿಮನ್ಯುವಿನ ಹುಡುಗನಿಗೆ ಈ ಮಾತುಗಳನ್ನು ಸೇರಿಸಿ ಮತ್ತೆ ಕಳಿಸಲು ಹೇಳಿದೆ: ಯಾವ ಕೆಲಸಕ್ಕೆ ಮಾಡಿದ್ದು, ಈಗ ಯಾವ ಹಂತದಲ್ಲಿದೆ, ಯಾವ ರೆಫರೆನ್ಸ್ ನೋಡಿದ, ಅವನಿಗೇ ಎಲ್ಲಿ ಅನುಮಾನ ಇದೆ, ಇನ್ನು ಎಷ್ಟು ದಿನ ಸಮಯ ಇದೆ. ಮರುದಿನ ಬಂದದ್ದು ಹೀಗಿತ್ತು: "ಗೇಮ್ ಪಾತ್ರ. ಟೆಕ್ಸ್ಚರ್ ಅರ್ಧ ಆಗಿದೆ. ನಮ್ಮೂರ ಮೇಳದ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ನಾನೇ ತೆಗೆದ ಫೋಟೋ ಇವೆ. ಮುಂದಲೆ ತಲೆಗೆ ಅಂಟಿಸಿದ ಹಾಗೆ ಕಾಣುತ್ತದೆ, ಯಾಕೆ ಅಂತ ಗೊತ್ತಾಗುತ್ತಿಲ್ಲ. ಎರಡು ವಾರ ಇದೆ." ಇಂಥ ಪ್ರಶ್ನೆಗೆ ಉತ್ತರಿಸಲು ಯಾರಿಗಾದರೂ ಹುರುಪು ಬರುತ್ತದೆ.

ಬೇಗ ಕೇಳಿ, ಇದೂ ಮುಖ್ಯ. ಮುದ್ದೆಯ ಹಂತದಲ್ಲಿ ಕಾಲಿನ ಉದ್ದ ತಿದ್ದಲು ಐದು ನಿಮಿಷ ಸಾಕು. ಟೆಕ್ಸ್ಚರ್ ಮುಗಿದ ಮೇಲೆ ತಿದ್ದಲು ವಾರ ಬೇಕು. ಎಲ್ಲ ಮುಗಿದ ಮೇಲೆ ಕೇಳುವವರಿಗೆ ಬೇಕಾಗಿರುವುದು ಹೆಚ್ಚಾಗಿ ಹೊಗಳಿಕೆ. ಅದೂ ತಪ್ಪಲ್ಲ. ಆದರೆ ಅದನ್ನು ಫೀಡ್‌ಬ್ಯಾಕ್ ಎಂದು ಕರೆಯಬೇಡಿ.

ಹಂತ 6: ನೋಡುವ ಕ್ರಮ

ಈಗ ಅಭಿಪ್ರಾಯ ಹೇಳುವವರ ಸರದಿ. ಈ ಬರಹದ ಜೀವ ಇರುವುದು ಇಲ್ಲಿ, ನಿಧಾನವಾಗಿ ಹೋಗೋಣ. ಕಣ್ಣಿಗೆ ಮೊದಲು ಬಿದ್ದ ತಪ್ಪನ್ನೇ ಹೇಳಬೇಡಿ. ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿಯಿರಿ. ದೊಡ್ಡ ತಪ್ಪು ಸಿಕ್ಕ ಮೆಟ್ಟಿಲಲ್ಲೇ ನಿಲ್ಲಿ. ಕಾಲು ಉದ್ದವಾಗಿದ್ದರೆ ಉಗುರಿನ ಟೆಕ್ಸ್ಚರ್ ಬಗ್ಗೆ ಮಾತಾಡಿ ಪ್ರಯೋಜನವಿಲ್ಲ.

ನೆರಳಾಕಾರ. ಪಾತ್ರವನ್ನು ಪೂರ್ತಿ ಕಪ್ಪು ಮಾಡಿ ನೋಡಿ. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನ ಸಾಲಿಡ್ ವ್ಯೂನಲ್ಲಿ ಲೈಟಿಂಗ್ ಫ್ಲಾಟ್ ಇಟ್ಟು, ಒಂದೇ ಬಣ್ಣ ಕಪ್ಪು ಕೊಟ್ಟರೆ ಆಯಿತು. ಚಿತ್ರವನ್ನು ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ. ಆಗಲೂ ಇವರು ಯಾರು ಎಂದು ಗೊತ್ತಾಗಬೇಕು. ಬಯಲಾಟದ ವೇಷ ಕಟ್ಟಿದ್ದೇ ಇದಕ್ಕೆ. ಗದ್ದೆಯ ತುದಿಯಲ್ಲಿ ಕೂತವರಿಗೆ ಮುಖ ಕಾಣದಿದ್ದರೂ ತಲೆಯ ಆಕಾರ ನೋಡಿ, ಬಂದದ್ದು ಕಿರೀಟದ ವೇಷವೋ ಮುಂದಲೆ ವೇಷವೋ ಎಂದು ತಿಳಿಯಬೇಕು. ಹುಡುಗನ ಅಭಿಮನ್ಯುವನ್ನು ಕಪ್ಪು ಮಾಡಿದಾಗ ಮುಂದಲೆಯ ತುದಿ ಮೊಂಡಾಗಿ, ಹೆಲ್ಮೆಟ್ ಹಾಗೆ ಕಂಡಿತು. ಕೇದಗೆಯ ಹೂವಿನ ಚೂಪು ಹೋಗಿಬಿಟ್ಟಿತ್ತು. ಅವನ ಅನುಮಾನಕ್ಕೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಅಳತೆ. ಸಾಮಾನ್ಯ ಮನುಷ್ಯನ ಎತ್ತರ ಸುಮಾರು ಏಳೂವರೆ ತಲೆ. ನಾಯಕನ ಗತ್ತಿಗೆ ಎಂಟು ಮಾಡುತ್ತಾರೆ. ಇವನದು ಒಂಬತ್ತಕ್ಕೆ ಹತ್ತಿರ ಇತ್ತು. ಎತ್ತರದ ಮುಂದಲೆಯ ಕೆಳಗೆ ದೇಹ ಗಿಡ್ಡ ಕಂಡಿತೆಂದು ಕಾಲು ಎಳೆದಿದ್ದ. ಆದರೆ ವೇಷಧಾರಿ ಗಿಡ್ಡವಾಗಿ, ಅಗಲವಾಗಿ, ಮಂಡಿ ಬಾಗಿಸಿ ನಿಂತಾಗಲೇ ಆ ಗಾಂಭೀರ್ಯ ಬರುವುದು. ಬಟ್ಟೆಯ ಪದರಗಳಿಂದ ದೇಹ ಅಗಲವಾಗುತ್ತದೆ. ಇಂಥ ಕಡೆ ವೇಷ ತೆಗೆದು ಒಳಗಿನ ಮನುಷ್ಯನನ್ನು ಮಾತ್ರ ತೋರಿಸು ಎಂದು ಕೇಳಿ. ಒಳಗಿನ ಮನುಷ್ಯ ಸರಿ ಇದ್ದರೆ ಮೇಲಿನ ವೇಷ ತಾನಾಗಿ ಕೂರುತ್ತದೆ.

ಭಾರ. ಇದನ್ನು ಬಹಳ ಜನ ನೋಡುವುದೇ ಇಲ್ಲ. ಮುಂದಲೆ ಟೋಪಿಯ ಹಾಗೆ ಸಿದ್ಧವಾಗಿ ಬರುವುದಿಲ್ಲ. ಪ್ರತಿ ರಾತ್ರಿ ಚೌಕಿಯಲ್ಲಿ ಕಲಾವಿದರ ತಲೆಯ ಮೇಲೇ ಬಟ್ಟೆ ಸುತ್ತಿ ಸುತ್ತಿ ಬಿಗಿದು ಕಟ್ಟುತ್ತಾರೆ. ಅದು ಹಣೆಯನ್ನು ಅಮುಕುತ್ತದೆ, ಹುಬ್ಬನ್ನು ಸ್ವಲ್ಪ ಎಳೆಯುತ್ತದೆ. ಕತ್ತು ಆ ಭಾರ ಹೊತ್ತು ನೆಟ್ಟಗಾಗುತ್ತದೆ. ಹುಡುಗ ಮುಂದಲೆಯನ್ನು ಬೇರೆ ವಸ್ತುವಾಗಿ ಮಾಡಿ ತಲೆಯ ಮೇಲೆ ಇಟ್ಟಿದ್ದ. ಅಂಚಿಗೆ ದಪ್ಪವಿಲ್ಲ, ಹಣೆಯಲ್ಲಿ ಒತ್ತಿದ ಗುರುತಿಲ್ಲ, ನೆರಳಿಲ್ಲ. "ಅಂಟಿಸಿದ ಹಾಗೆ" ಕಂಡದ್ದಕ್ಕೆ ಉಳಿದ ಅರ್ಧ ಉತ್ತರ ಇದು. ಸೊಂಟದ ಪಟ್ಟಿ, ಭುಜದ ಕವಚ, ಬೆನ್ನಿನ ಚೀಲ, ಯಾವುದಾದರೂ ಸರಿ. ಒಂದು ವಸ್ತು ಇನ್ನೊಂದನ್ನು ಮುಟ್ಟುವ ಕಡೆ ಎರಡೂ ಬದಲಾಗಬೇಕು.

ಮುಖ. ತಲೆಬುರುಡೆಯ ಎತ್ತರದ ಸರಿ ಅರ್ಧದಲ್ಲಿ ಕಣ್ಣು. ಮುಂದಿನಿಂದ ನೋಡಿದರೆ ತಲೆಯ ಅಗಲ ಸುಮಾರು ಐದು ಕಣ್ಣಿನಷ್ಟು. ಹುಬ್ಬಿಗೂ ಮೂಗಿನ ಬುಡಕ್ಕೂ ನಡುವೆ ಕಿವಿ. ಇವು ಆರಂಭದ ಅಳತೆಗಳು, ಶಾಸನವಲ್ಲ. ಹೆಚ್ಚಿನವರು ತಪ್ಪುವುದು ಆಳದಲ್ಲಿ. ಮುಂದಿನಿಂದ ಮಾತ್ರ ನೋಡಿ ಮಾಡಿದ ಮುಖ ಪಕ್ಕದಿಂದ ತಟ್ಟೆಯಾಗಿರುತ್ತದೆ. ಬಾಯಿ ಹಲ್ಲಿನ ಸಾಲಿನ ಮೇಲೆ ಬಿಲ್ಲಿನಂತೆ ಬಾಗಿರಬೇಕು. ಕಣ್ಣಿನ ರೆಪ್ಪೆಗೆ ದಪ್ಪ ಇರಬೇಕು, ಗುಡ್ಡೆಯ ಮೇಲೆ ಸುತ್ತಿಕೊಂಡಿರಬೇಕು. ಮೇಲಿನ ರೆಪ್ಪೆ ಕರಿಗುಡ್ಡೆಯನ್ನು ಸ್ವಲ್ಪ ಮುಚ್ಚಬೇಕು, ಇಲ್ಲದಿದ್ದರೆ ಪಾತ್ರ ಬೆಚ್ಚಿಬಿದ್ದಂತೆ ಕಾಣುತ್ತದೆ. ಗಲ್ಲದ ಕೆಳಗಿನಿಂದ ಮೇಲಕ್ಕೆ ನೋಡಿ, ನೆತ್ತಿಯಿಂದ ಕೆಳಕ್ಕೆ ನೋಡಿ. ಆ ಎರಡು ಕೋನಗಳಲ್ಲಿ ಸುಳ್ಳು ನಿಲ್ಲುವುದಿಲ್ಲ. ಅಸಾರೊ ತಲೆ ಎಂಬ ಮುಖದ ಸಮತಲಗಳ ಮಾದರಿ ಇದೆ. ಪಕ್ಕದಲ್ಲಿಟ್ಟು ಅದೇ ಬೆಳಕು ಹಾಕಿ ಹೋಲಿಸಿದರೆ ಎಲ್ಲಿ ಮೆತ್ತಗಾಗಿದೆ ಎಂದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಟೊಪಾಲಜಿ, ಅಂದರೆ ಮೆಶ್‌ನ ಗೆರೆಗಳ ಹರಿವು. ಕಣ್ಣಿನ ಸುತ್ತ, ಬಾಯಿಯ ಸುತ್ತ ಉಂಗುರದಂತೆ ಗೆರೆ ಹರಿಯಬೇಕು. ಮೂಗಿನ ಪಕ್ಕದಿಂದ ಬಾಯಿಯನ್ನು ಬಳಸಿ ಗಲ್ಲಕ್ಕೆ ಹೋಗುವ ಒಂದು ದೊಡ್ಡ ಸುತ್ತು ಬೇಕು, ನಗು ಬರುವುದು ಅಲ್ಲಿ. ಮೊಣಕೈ, ಮಂಡಿಗೆ ಕಡಿಮೆಯೆಂದರೂ ಮೂರು ಸುತ್ತು. ಐದು ಗೆರೆ ಕೂಡುವ ಬಿಂದು ಬಂದೇ ಬರುತ್ತದೆ, ಆದರೆ ಚರ್ಮ ಹೆಚ್ಚು ಮಡಿಯುವ ಜಾಗದಲ್ಲಿ ಅದು ಇರಬಾರದು. ವೈರ್‌ಫ್ರೇಮ್ ನೋಡಿ ವಾದ ಮಾಡುವುದಕ್ಕಿಂತ ಬಗ್ಗಿಸಿ ನೋಡಿ. ಅಡೋಬಿಯ ಮಿಕ್ಸಾಮೊ ಎಂಬ ವೆಬ್‌ಸೈಟ್ ಮಾಡೆಲ್ ಬಗ್ಗುವಂತೆ ಒಳಗೆ ಉಚಿತವಾಗಿ ಮೂಳೆ ಹಾಕಿಕೊಡುತ್ತದೆ. ವೇಷವಿಲ್ಲದ ಬರೀ ದೇಹವನ್ನು ಅದಕ್ಕೆ ಹಾಕಿ ಕೈ ಎತ್ತಿಸಿ. ಕಂಕುಳು ಕುಸಿದರೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ.

ಯುವಿ (ಮಾಡೆಲ್‌ನ ಮೈಯನ್ನು ಬಿಚ್ಚಿ ಚಪ್ಪಟೆಯಾಗಿ ಹಾಸಿದ ನಕ್ಷೆ) ಮತ್ತು ಬೇಕಿಂಗ್. ಚೌಕುಳಿ ಟೆಕ್ಸ್ಚರ್ ಹಾಕಿ. ಚೌಕಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಗಾತ್ರ ಇರಬೇಕು. ಮುಖಕ್ಕೆ ಮಾತ್ರ ಸ್ವಲ್ಪ ಜಾಸ್ತಿ ಜಾಗ ಕೊಡಬಹುದು. ಗಡುಸು ಅಂಚು ಇರುವ ಕಡೆ ಯುವಿಯನ್ನೂ ಕತ್ತರಿಸಿರಬೇಕು, ಇಲ್ಲದಿದ್ದರೆ ಉಬ್ಬುತಗ್ಗಿನ ಭ್ರಮೆ ಕೊಡುವ ನಾರ್ಮಲ್ ಮ್ಯಾಪ್‌ನಲ್ಲಿ ಕೊಳಕು ಗೆರೆ ಬರುತ್ತದೆ. ಹುಡುಗನ ಎದೆಕಟ್ಟಿನ ಕೆತ್ತನೆ ಉಬ್ಬಿ ಕಾಣುವ ಬದಲು ಕುಳಿ ಬಿದ್ದಂತೆ ಕಾಣುತ್ತಿತ್ತು. ಎರಡು ದಿನ ಸ್ಕಲ್ಪ್ಟ್ ತಿದ್ದುತ್ತಾ ಕೂತಿದ್ದನಂತೆ. ಸ್ಕಲ್ಪ್ಟ್‌ನಲ್ಲಿ ತಪ್ಪೇ ಇರಲಿಲ್ಲ. ನಾರ್ಮಲ್ ಮ್ಯಾಪ್ ಅನ್ನು ಓಪನ್‌ಜಿಎಲ್ ಬಗೆಯಲ್ಲಿ ಬೇಕ್ ಮಾಡಿ ಅನ್‌ರಿಯಲ್ ಎಂಬ ಗೇಮ್ ಎಂಜಿನ್‌ಗೆ ಹಾಕಿದ್ದ. ಅನ್‌ರಿಯಲ್ ಕೇಳುವುದು ಡೈರೆಕ್ಟ್‌ಎಕ್ಸ್ ಬಗೆ, ಯೂನಿಟಿ ಮತ್ತು ಬ್ಲೆಂಡರ್ ಕೇಳುವುದು ಓಪನ್‌ಜಿಎಲ್. ಇವೆರಡರ ನಡುವೆ ಮ್ಯಾಪ್‌ನ ಹಸಿರು ಚಾನೆಲ್ ತಲೆಕೆಳಗು. ಹಸಿರನ್ನು ತಿರುಗಿಸಿದ ಕೂಡಲೇ ಕೆತ್ತನೆ ಎದ್ದು ನಿಂತಿತು. ಆ ಎರಡು ದಿನ ಅವನಿಗೆ ಉಳಿಸಬಹುದಿತ್ತಲ್ಲ ಎಂದು ನನಗೆ ಸಂಕಟವಾಯಿತು. ಸುಮ್ನೆ ಒಬ್ಬರನ್ನು ಕೇಳಿದ್ದರೆ ಸಾಕಿತ್ತು.

ಬಣ್ಣ ಮತ್ತು ವಸ್ತು. ಇಲ್ಲಿ ಕೇಳಬೇಕಾದದ್ದು: ಇದು ಯಾವುದರಿಂದ ಮಾಡಿದ್ದು? ಹುಡುಗ ಭುಜಕೀರ್ತಿ, ಎದೆಕಟ್ಟುಗಳಿಗೆ ಅಂಗಡಿಯ ಹೊಸ ಚಿನ್ನದ ಹೊಳಪು ಕೊಟ್ಟಿದ್ದ. ಅವು ಚಿನ್ನವಲ್ಲ ಅಲ್ವಾ? ಹಗುರವಾದ ಮರವನ್ನು ಕೆತ್ತಿ, ಮೇಲೆ ಬೇಗಡೆ (ಮಿನುಗುವ ತೆಳು ಹಾಳೆ) ಅಂಟಿಸಿ, ಕನ್ನಡಿ ಚೂರು ಕೂರಿಸಿದ್ದು. ಬೇಗಡೆ ಲೋಹದಂತೆ ಮಿನುಗುವುದರಿಂದ ಅಲ್ಲಿ ಮೆಟಾಲಿಕ್ (ಲೋಹದ ಗುಣದ ಅಳತೆ) 1 ಇರಲಿ. ಆದರೆ ಕೈ ತಾಗುವ ಅಂಚುಗಳಲ್ಲಿ ಹರಿದು ಮರ ಕಾಣುವ ಕಡೆ ಅದು 0 ಆಗಬೇಕು. ಸಣ್ಣ ಸುಕ್ಕು, ರಫ್‌ನೆಸ್‌ನಲ್ಲಿ (ಮೈಯ ಒರಟುತನದಲ್ಲಿ) ಏರಿಳಿತ ಬೇಕು. ಮುಖದ ಬಣ್ಣವೂ ಹಾಗೇ. ಬರಿಯ ಚರ್ಮಕ್ಕೆ ಹಣೆಯಲ್ಲಿ ಹಳದಿ ಛಾಯೆ, ಕೆನ್ನೆ, ಮೂಗು, ಕಿವಿಯಲ್ಲಿ ಕೆಂಪು ಕೊಡುತ್ತೇವೆ. ದಪ್ಪ ಬಣ್ಣ ಬಳಿದ ಮುಖದಲ್ಲಿ ಚರ್ಮದೊಳಗಿನ ಆ ಕೆಂಪು ಮಾಸುತ್ತದೆ. ಕಿವಿ, ಕತ್ತಿನಲ್ಲಿ ಮಾತ್ರ ಉಳಿಯುತ್ತದೆ. ಕುಣಿದ ಮೇಲೆ ಮೂಗಿನ ತುದಿಯಲ್ಲಿ, ಮೇಲ್ತುಟಿಯ ಮೇಲೆ ಬೆವರಿನ ಹೊಳಪು. ಇಷ್ಟು ಮಾಡಿದರೆ ಅದು ವೇಷ ಹಾಕಿದ ಮನುಷ್ಯನಾಗುತ್ತದೆ. ಇಲ್ಲದಿದ್ದರೆ ಬಣ್ಣದ ಗೊಂಬೆ.

ಭಂಗಿ, ಬೆಳಕು ಕೊನೆಗೆ. ಎಲ್ಲ ದೀಪ ಆರಿಸಿ ಒಂದೇ ದೀಪ ಹಾಕಿದ ರೆಂಡರ್ ಕೇಳಿ. ಅದರಲ್ಲಿ ಚೆಂದ ಕಂಡರೆ ಎಲ್ಲ ಬೆಳಕಿನಲ್ಲೂ ಚೆಂದವೇ.

ಹಂತ 7: ಹೇಳುವ ಬಗೆ

ನೋಡಿದ್ದನ್ನೆಲ್ಲ ಹೇಳಬೇಡಿ. ಒಂದು ಸಲಕ್ಕೆ ಮೂರು ಮಾತು ಸಾಕು, ಅತಿ ದೊಡ್ಡ ಮೂರು. ಮೂವತ್ತು ತಪ್ಪು ಕೇಳಿದವರು ಒಂದನ್ನೂ ತಿದ್ದುವುದಿಲ್ಲ. ಫೈಲ್ ಮುಚ್ಚಿ ಮಲಗುತ್ತಾರೆ.

ಪ್ರತಿ ಮಾತಿನಲ್ಲೂ ಮೂರು ಇರಲಿ: ನನಗೇನು ಕಂಡಿತು, ಅದರಿಂದ ಏನು ಕೆಡುತ್ತದೆ, ಏನು ಮಾಡಿ ನೋಡಬಹುದು. "ಕೈ ಸರಿ ಇಲ್ಲ" ಎಂದರೆ ಅವರು ಎಲ್ಲಿಂದ ಶುರು ಮಾಡಬೇಕು? ಬದಲಿಗೆ ಹೀಗೆ: "ಮೊಣಕೈ ಸೊಂಟಕ್ಕಿಂತ ಕೆಳಗಿದೆ. ಅದರಿಂದ ಕೈ ಕೋತಿಯದರಂತೆ ಉದ್ದ ಕಾಣುತ್ತದೆ. ಮೇಲ್ತೋಳನ್ನು ಚಿಕ್ಕದು ಮಾಡಿ ಮೊಣಕೈಯನ್ನು ಪಕ್ಕೆಲುಬಿನ ಕೊನೆಯ ಹತ್ತಿರ ತಂದು ನೋಡಿ." ಬೆಳಿಗ್ಗೆ ಎದ್ದು ಫೈಲ್ ತೆರೆದರೆ ಎಲ್ಲಿಗೆ ಕೈ ಹಾಕಬೇಕು ಎಂದು ಅವರಿಗೆ ಗೊತ್ತಿರಬೇಕು.

ಚಿತ್ರದ ಮೇಲೆಯೇ ಗೆರೆ ಎಳೆದು ಕಳಿಸಿದರೆ ಇನ್ನೂ ಒಳ್ಳೆಯದು. ಸ್ಕ್ರೀನ್‌ಶಾಟ್ ಮೇಲೆ ಕೆಂಪು ಪೆನ್ನಿನಲ್ಲಿ ಎಳೆದ ಐದು ಗೆರೆ ಎರಡು ಪುಟದ ಮಾತಿಗೆ ಸಮ. ಆದರೆ ಅವರ ಫೈಲ್ ತೆಗೆದುಕೊಂಡು ನೀವೇ ಸ್ಕಲ್ಪ್ಟ್ ಮಾಡಬೇಡಿ. ತಿದ್ದುವ ಕೈ ಅವರದೇ ಆಗಿರಲಿ.

ಚೆನ್ನಾಗಿರುವುದನ್ನೂ ಕಾರಣ ಕೊಟ್ಟು ಹೇಳಿ. "ಕಸೆಯ ಮಡಿಕೆಗಳು ಗಂಟಿನ ಕಡೆಯಿಂದ ಹೊರಟಿವೆ, ಬಟ್ಟೆಯ ಎಳೆತ ಗೊತ್ತಾಗುತ್ತದೆ" ಎಂದು ಆ ಹುಡುಗನಿಗೆ ಹೇಳಿದೆ. ಅದು ಸಮಾಧಾನದ ಮಾತಾಗಿರಲಿಲ್ಲ. ತಾನು ಯಾವುದನ್ನು ಸರಿಯಾಗಿ ಮಾಡಿದ ಎಂದು ಗೊತ್ತಿಲ್ಲದಿದ್ದರೆ ಮುಂದಿನ ಮಾಡೆಲ್‌ನಲ್ಲಿ ಅದನ್ನೇ ಕೆಡಿಸಿಬಿಡುತ್ತಾನೆ.

ನಿಮ್ಮ ಇಷ್ಟವನ್ನು ತಪ್ಪಿನ ಪಟ್ಟಿಗೆ ಸೇರಿಸಬೇಡಿ. ನನಗೆ ದೊಡ್ಡ ಕಣ್ಣಿನ ಶೈಲಿ ಅಷ್ಟಾಗಿ ಹಿಡಿಸುವುದಿಲ್ಲ. ಅದು ನನ್ನ ರುಚಿ. ಅವರು ಬೇಕೆಂದೇ ಆ ಶೈಲಿಯಲ್ಲಿ ಮಾಡಿದ್ದರೆ, ಆ ಶೈಲಿಯೊಳಗೆ ಸರಿಯಾಗಿ ಮಾಡಿದ್ದಾರೆಯೇ ಎಂದಷ್ಟೇ ನೋಡಬೇಕು. ಗೊತ್ತಾಗದಿದ್ದರೆ ಕೇಳಿ: "ಇದನ್ನು ಬೇಕಂತಲೇ ಹೀಗೆ ಮಾಡಿದ್ರಾ?" ಈ ಒಂದು ಪ್ರಶ್ನೆಯಿಂದ ಎಷ್ಟೋ ಮನಸ್ತಾಪ ತಪ್ಪಿದೆ.

ನನ್ನ ಮೊದಲ ಕೆಲಸದಲ್ಲಿ ಒಬ್ಬ ಹಿರಿಯರು ಎಲ್ಲರ ಮುಂದೆ ನನ್ನ ಮಾಡೆಲ್ ತೋರಿಸಿ "ಇದನ್ನು ಅಳಿಸಿ ಹೊಸದಾಗಿ ಮಾಡು" ಎಂದಷ್ಟೇ ಹೇಳಿ ಹೋದರು. ಏನು ತಪ್ಪು ಎಂದು ಹೇಳಲಿಲ್ಲ. ಹೊಸದಾಗಿ ಮಾಡಿದೆ, ಅದೇ ತಪ್ಪು ಮತ್ತೆ ಮಾಡಿದೆ. ಭುಜದ ಮೂಳೆ ಕತ್ತಿನಿಂದ ನೇರವಾಗಿ ಹೊರಡುತ್ತಿತ್ತು ಎಂದು ಒಂದು ವರ್ಷದ ಮೇಲೆ ನಾನೇ ಕಂಡುಕೊಂಡೆ. ಹತ್ತು ಸೆಕೆಂಡಿನ ಮಾತು ಅದು. ಅದಕ್ಕೇ ನಾನು ಕಾರಣ ಹೇಳದೆ ಯಾರ ಕೆಲಸವನ್ನೂ ಬೇಡ ಎನ್ನುವುದಿಲ್ಲ.

ಹಂತ 8: ಕೇಳಿಸಿಕೊಂಡ ಮೇಲೆ

ಮೊದಲು ಬರೆದುಕೊಳ್ಳಿ, ಉತ್ತರ ಕೊಡಬೇಡಿ. "ಅದು ಯಾಕೆ ಹಾಗಿದೆ ಅಂದ್ರೆ" ಎಂದು ಬಾಯಿಗೆ ಬರುತ್ತದೆ. ನುಂಗಿಕೊಳ್ಳಿ. ನಿಮ್ಮ ಪೋರ್ಟ್‌ಫೋಲಿಯೊ ನೋಡುವ ಸ್ಟುಡಿಯೋದವರ ಪಕ್ಕದಲ್ಲಿ ಕೂತು ವಿವರಿಸಲು ನೀವಿರುವುದಿಲ್ಲ.

ಮೂವರು ಮೂರು ಪರಿಹಾರ ಹೇಳಿದರೆ ಗಾಬರಿ ಬೇಡ. ಒಬ್ಬರು ಮೂಗು ಚಿಕ್ಕದು ಮಾಡು ಎನ್ನುತ್ತಾರೆ, ಇನ್ನೊಬ್ಬರು ಕಣ್ಣು ಹತ್ತಿರ ತಾ, ಮತ್ತೊಬ್ಬರು ಕೆನ್ನೆ ತುಂಬು. ಪರಿಹಾರ ಬೇರೆ ಬೇರೆ. ಆದರೆ ಮೂವರ ಬೆರಳೂ ಮುಖದ ನಡುಭಾಗಕ್ಕೇ ಹೋಗಿದೆ. ತೊಂದರೆ ಅಲ್ಲಿದೆ. ಪರಿಹಾರವನ್ನು ರೆಫರೆನ್ಸ್ ನೋಡಿ ನೀವೇ ಹುಡುಕಿ.

ತಿದ್ದುವಾಗಲೂ ದೊಡ್ಡದರಿಂದ ಸಣ್ಣದಕ್ಕೆ. ಹಳೆಯ ಫೈಲ್ ಉಳಿಸಿ, ಹೊಸದಕ್ಕೆ ಸಂಖ್ಯೆ ಕೊಡಿ. ತಿದ್ದಿದ ಮೇಲೆ ಮೊದಲಿನದು, ಈಗಿನದು ಅಕ್ಕಪಕ್ಕ ಇಟ್ಟು, ಹೇಳಿದವರಿಗೆ ಕಳಿಸಿ. ಅವರು ಕೊಟ್ಟ ಸಮಯಕ್ಕೆ ಅದೇ ಕೃತಜ್ಞತೆ. ಮುಂದಿನ ಸಲ ಅವರು ಇನ್ನೂ ಆಸಕ್ತಿಯಿಂದ ನೋಡುತ್ತಾರೆ. ಎರಡು ಮೂರು ಸುತ್ತು ಆದ ಮೇಲೆ ಆ ಮಾಡೆಲ್ ಬಿಟ್ಟುಬಿಡಿ. ಉಳಿದ ಪಾಠ ಮುಂದಿನ ಪಾತ್ರಕ್ಕೆ ಹೋಗಲಿ.

ಹುಡುಗ ಎರಡು ವಾರ ಕೇಳಿದ್ದ, ಐದು ವಾರ ತೆಗೆದುಕೊಂಡ. ಕಾಲು ಚಿಕ್ಕದಾಗಿ ಎತ್ತರ ಎಂಟು ತಲೆಗೆ ಇಳಿಯಿತು. ಮುಂದಲೆಯನ್ನು ಕಿತ್ತು ಹಾಕಿ, ಹಗ್ಗದಂತೆ ಬಟ್ಟೆ ಸುತ್ತಿ ಮೊದಲಿನಿಂದ ಕಟ್ಟಿದ. ಅದಕ್ಕಾಗಿ ಒಂದು ರಾತ್ರಿ ಚೌಕಿಯಲ್ಲಿ ಕೂತು, ವೇಷ ಕಟ್ಟುವುದನ್ನು ಪೂರ್ತಿ ವಿಡಿಯೋ ಮಾಡಿಕೊಂಡು ಬಂದಿದ್ದ. 23 ಚಿತ್ರಗಳಲ್ಲಿ ಈಗ ಉಳಿದಿರುವುದು ಮೂರು ಪಾತ್ರ. ಮೊದಲಿಗೆ ಅಭಿಮನ್ಯು ಇದ್ದಾನೆ, ವೈರ್‌ಫ್ರೇಮ್ ಸಮೇತ. ನಾಲ್ಕನೆಯದಕ್ಕೆ ಒಬ್ಬ ಸ್ತ್ರೀವೇಷ ಶುರು ಮಾಡಿದ್ದಾನೆ. ಮೊನ್ನೆ ಬರೀ ಬೂದು ಮುದ್ದೆಯ ಹಂತದಲ್ಲೇ ಕಳಿಸಿ ಕೇಳಿದ: "ಅಣ್ಣಾ, ಭಾರ ಎಡಗಾಲಿನ ಮೇಲಿದೆ ಅಂತ ಗೊತ್ತಾಗ್ತದಾ?"